ಪ್ರವಾಸ ಹೋಗದ ಸ್ಪಂಜು

ಮೂರನೆಯ ಲಾರಿಗೆ ಸ್ಪಂಜಿನ ದಿಮ್ಮಿ ಏರಿಸಲು ಹೊರಟಿದ್ದ ಫೋರ್ಕ್‌ಲಿಫ್ಟಿನ ಮುಂದೆ ಅವಾತಿಫ್ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು. ಚಾಲಕ ದಸೂಕಿ ನಕ್ಕ. ಉಗ್ರಾಣ ನೋಡಿಕೊಳ್ಳುವ ಈ ಹೆಂಗಸು ತಮಾಷೆ ಮಾಡದ ದಿನವೇ ಇರಲಿಲ್ಲ. ಆದರೆ ಅವಳು ಕದಲದಿದ್ದುದನ್ನು ಕಂಡು ಎಂಜಿನ್ ಆರಿಸಿದ.

"ಅಕ್ಕಾ, ಹನ್ನೊಂದಕ್ಕೆ ಎಂಜಿನಿಯರಮ್ಮ ಬರ್ತಾರೆ. ಇನ್ನೂ ಅರ್ಧ ಉಗ್ರಾಣ ಹಾಗೇ ಇದೆ."

"ಇರ್ಲಿ. ಹೋಗಿರೋ ಎರಡು ಲಾರಿಗೂ ಬನ್ನಿ ಅಂತ ಫೋನ್ ಮಾಡಿದೀನಿ. ಎಲ್ಲಾ ಇಳಿಸಿ, ಎಲ್ಲಿತ್ತೋ ಅಲ್ಲೇ ಪೇರಿಸು. ಸೂರಿನ ತನಕ."

ಬುರ್ಗ್ ಅಲ್-ಅರಬ್ ಊರಿನ ಆ ಹಾಸಿಗೆ ಕಾರ್ಖಾನೆಯಲ್ಲಿ ತಪಾಸಣೆ ಎಂದರೆ ಸ್ಪಂಜಿಗೆ ಪ್ರವಾಸ. ಸರ್ಕಾರದ ಕಡೆಯಿಂದ ಯಾರೇ ಬರಲಿ, ಅವರು ಬರುವ ಮೊದಲೇ ಮಿತಿ ಮೀರಿ ಪೇರಿಸಿದ ದಿಮ್ಮಿಗಳು ಲಾರಿ ಹತ್ತಿ ಮರುಭೂಮಿಯ ಹೆದ್ದಾರಿ ಹಿಡಿಯುತ್ತಿದ್ದವು. ಚಾಲಕರು ಯಾವುದೋ ಚಹಾದಂಗಡಿಯ ನೆರಳಲ್ಲಿ ಕಾಲು ಚಾಚಿ ಕೂತು, ಫೋನು ಬಂದ ಮೇಲೆ ಹಿಂತಿರುಗುತ್ತಿದ್ದರು. ಬಂದವನು ಎದೆಯೆತ್ತರಕ್ಕೆ ಒಪ್ಪವಾಗಿ ಜೋಡಿಸಿದ ಸಾಲುಗಳನ್ನು ನೋಡಿ, ಎಂಥ ಗಾಳಿ, ಎಂಥ ಬೆಳಕು ಎಂದು ಮೂಗಿನಲ್ಲೇ ಹೊಗಳಿ ರುಜು ಹಾಕಿ ಹೋಗುತ್ತಿದ್ದ. ಆ ಮೂಗಿನ ರಾಗವನ್ನು ಅವಾತಿಫ್ ಮಾರನೆಯ ದಿನ ಊಟದ ಹೊತ್ತಿಗೆ ಎಷ್ಟು ಚೆನ್ನಾಗಿ ಎಳೆಯುತ್ತಿದ್ದಳೆಂದರೆ, ಹೊಲಿಗೆಯ ಹೆಂಗಸರ ಬಾಯಿಂದ ಅವರೆಕಾಳಿನ ಪಲ್ಯ ಹೊರಗೆ ಬರುತ್ತಿತ್ತು. ಹನ್ನೊಂದು ವರ್ಷ ಈ ಪ್ರವಾಸದ ವ್ಯವಸ್ಥೆಯೆಲ್ಲ ಅವಳದೇ.

ಆದರೆ ಇಂದು ಸರಕು ಅಳೆಯಲು ಬರುತ್ತಿದ್ದ ಎಂಜಿನಿಯರ್ ನಾಹೆದ್ ಸರ್ಕಾರದವಳಲ್ಲ. ಕಳೆದ ಬೇಸಿಗೆಯಲ್ಲಿ ಸ್ಪಂಜು ಕತ್ತರಿಸುವ ಯಂತ್ರದಿಂದ ಕಿಡಿ ಹಾರಿ ಒಂದು ಮೂಲೆ ಸುಟ್ಟಿತ್ತು. ಆಮೇಲೆ ಮಾಲೀಕ ಹಾಜ್ ಶೌಕಿಯೇ, ಸೂರಿಗೆ ಎಂಥ ಸ್ಪ್ರಿಂಕ್ಲರ್ ಹಾಕಬೇಕೆಂದು ಹೇಳಲು ಅವಳನ್ನು ಕರೆಸಿದ್ದ. ಹೋದ ವಾರ ಅವಳು ಕಟ್ಟಡ ನೋಡಲು ಬಂದಾಗಲೂ ಸ್ಪಂಜು ಪ್ರವಾಸದಲ್ಲಿತ್ತು. ಅಭ್ಯಾಸಬಲವೋ, ಜಿಪುಣತನವೋ, ಹಾಜನಿಗೇ ಗೊತ್ತಿರಲಿಲ್ಲವೇನೋ.

ಅಂದು ಚಹಾ ಕೊಡುವ ನೆಪದಲ್ಲಿ ಅವಾತಿಫ್ ಅವಳನ್ನೇ ಕೇಳಿ ತಿಳಿದುಕೊಂಡಿದ್ದಳು. ಸರಕು ಎದೆಯೆತ್ತರವಿದ್ದರೆ ಸ್ಪ್ರಿಂಕ್ಲರಿಗೆ ನೀರು ಚಿಮ್ಮುವ ಸಣ್ಣ ಮೂತಿ ಸಾಕು, ಈಗಿರುವ ಪಂಪೇ ಸಾಕು. ಸೂರಿನ ತನಕ ಪೇರಿಸಿದ್ದರೆ, ಸ್ಪಂಜಿನ ಬೆಂಕಿ ಏಳುವ ರಭಸಕ್ಕೆ ಸಣ್ಣ ಹನಿಗಳು ಅರ್ಧ ದಾರಿಯಲ್ಲೇ ಆವಿಯಾಗಿಬಿಡುತ್ತವೆ. ಆಗ ದಪ್ಪ ಹನಿಯ ಮೂತಿ, ಅಗಲ ಕೊಳವೆ, ದೊಡ್ಡ ತೊಟ್ಟಿ, ಹೊಸ ಪಂಪು ಎಲ್ಲ ಬೇಕು. ನಾನು ಕಂಡದ್ದನ್ನು ಅಳೆಯುತ್ತೇನೆ, ಕಾಣದ್ದಕ್ಕೆ ನೀರು ಕೊಡಲಾರೆ ಎಂದು ನಾಹೆದ್ ಹೇಳಿದ್ದಳು. ಅವಾತಿಫ್ ತಲೆಯೆತ್ತಿ ಅಟ್ಟದ ಕಡೆ ನೋಡಿದ್ದಳು. ಅಲ್ಲಿ ಮೂವತ್ತೆಂಟು ಹೆಂಗಸರು ಹಾಸಿಗೆಗೆ ಹೊದಿಕೆ ಹೊಲಿಯುತ್ತಾರೆ. ಅವರಲ್ಲೊಬ್ಬಳು ಅವಳ ಸ್ವಂತ ತಂಗಿ ಇಬ್ತಿಸಾಮ್. ಇಳಿಯಲು ಇರುವುದು ಒಂದೇ ಕಬ್ಬಿಣದ ಮೆಟ್ಟಿಲು, ಅದೂ ಸ್ಪಂಜಿನ ಸಾಲುಗಳ ನಡುವೆ. ಈದ್ ಹತ್ತಿರ ಬಂದು ಮದುವೆಗಳು ಶುರುವಾದರೆ, ಮದುಮಗಳ ಮನೆಗೆ ಹೋಗುವ ಹಾಸಿಗೆಗಳಿಗಾಗಿ ಆ ಸಾಲುಗಳು ಅಟ್ಟವನ್ನೂ ಮೀರಿ ಬೆಳೆಯುತ್ತವೆ.

ಲಾರಿಯವನೊಬ್ಬ ಖಾತ್ರಿ ಮಾಡಿಕೊಳ್ಳಲು ಮಾಲೀಕನಿಗೇ ಫೋನು ಮಾಡಿದ್ದ. ಹಾಜ್ ಶೌಕಿ ಬಂದೇ ಬಿಟ್ಟ. ಜನ್ಮವಿಡೀ ಮೆತ್ತನೆಯ ಸರಕು ಮಾರಿದರೂ ಮೆತ್ತಗಿನ ಮನುಷ್ಯನಲ್ಲ.

"ಏನಮ್ಮಾ ಅವಾತಿಫ್, ಕಾರ್ಖಾನೇನ ನಿನ್ನ ಹೆಸರಿಗೆ ಬರೆದುಕೊಟ್ಟಿದ್ದು ನಂಗೆ ಮರೆತೇ ಹೋಗಿತ್ತು ನೋಡು."

"ಉಗ್ರಾಣದ ಬೀಗದಕೈ ಕೊಟ್ಟಿದೀರಲ್ಲ ಹಾಜ್, ನಂಗಷ್ಟೇ ಸಾಕು."

ಹಾಜ್ ಮೊದಲು ಸಮಾಧಾನದಿಂದಲೇ ಹೇಳಿನೋಡಿದ. ಸಣ್ಣ ಮೂತಿಯಿಂದ ಬಂದರೂ ನೀರು ನೀರೇ, ಈಗ ಇದಾಗಲಿ, ದೊಡ್ಡದನ್ನು ಮುಂದೆ ನೋಡಿದರಾಯಿತು, ದೇವರು ಇಷ್ಟು ವರ್ಷ ಕಾಯಲಿಲ್ಲವೇ ಎಂದ.

"ಡಾಕ್ಟರನ್ನ ಮನೆಗೆ ಕರೆಸಿ, ಜ್ವರ ಬಂದೋನ್ನ ಮಂಚದ ಕೆಳಗೆ ಬಚ್ಚಿಟ್ಟ ಹಾಗಿದೆ ಹಾಜ್, ನೀವು ಮಾಡ್ತಿರೋದು," ಎಂದಳು ಅವಾತಿಫ್. "ಇಷ್ಟು ವರ್ಷ ಬಚ್ಚಿಟ್ಟೋಳು ನಾನೇ. ಇನ್ನು ನನ್ನ ಕೈಲಾಗಲ್ಲ."

ಹೊರಗೆ ಲಾರಿಗಳ ಹಾರ್ನ್ ಕೇಳಿತು. ಕಾವಲುಗಾರ ಗೇಟಿಗೆ ಕೈಯಿಟ್ಟು ಮಾಲೀಕನ ಮುಖ ನೋಡಿದ. ಹಾಜ್ ಎರಡು ಸಲ ಕೆಮ್ಮಿದ. "ಆ ಲಾರಿ ಒಳಗೆ ಬಂದ್ರೆ, ನಾಳೆಯಿಂದ ನೀನು ಒಳಗೆ ಬರೋ ಹಾಗಿಲ್ಲ."

ಅವಾತಿಫ್ ಎರಡು ಸಲ ಕೆಮ್ಮಿದಳು. ಗದ್ದ ಎದೆಗೊತ್ತಿಕೊಂಡು, ಅವನದೇ ಗೊಗ್ಗರು ದನಿಯಲ್ಲಿ, ಆ ಮಾತನ್ನು ಹಾಗೆಯೇ ಹಿಂದಿರುಗಿಸಿದಳು. ಅಟ್ಟದ ಮೇಲೆ ಯಾರೋ ಕಿಸಕ್ಕೆಂದರು. ಆಮೇಲೆ ಅವಳು ತನ್ನ ಸ್ವಂತ ದನಿಯಲ್ಲಿ, "ನಾಳೆ ಬರಲ್ಲ ಅಂತ್ಲೇ ಇಟ್ಕೊಳ್ಳಿ. ಇವತ್ತು ಇನ್ನೂ ಇದೀನಿ," ಎಂದು ತಾನೇ ಹೋಗಿ ಗೇಟನ್ನು ಎಳೆದು ತೆರೆದಳು.

ಮೇಲೆ ಹೊಲಿಗೆಯಂತ್ರಗಳು ಒಂದೊಂದಾಗಿ ನಿಂತವು. ಹೆಂಗಸರು ಅಟ್ಟದ ಕಂಬಿಗೆ ಬಂದು ಸಾಲಾಗಿ ನಿಂತರು. ಇಬ್ತಿಸಾಮ್ ಬಾಯಲ್ಲಿ ಇನ್ನೂ ದಾರ ಕಚ್ಚಿಕೊಂಡಿದ್ದಳು. ದಸೂಕಿ ಅವರನ್ನು ನೋಡಿದ, ಹಾಜನನ್ನು ನೋಡಿದ, ಎಂಜಿನ್ ಚಾಲೂ ಮಾಡಿದ.

ಹನ್ನೊಂದೂಕಾಲಿಗೆ ನಾಹೆದ್ ಬಾಗಿಲಲ್ಲೇ ನಿಂತು ಕತ್ತೆತ್ತಿದಳು. ಹೋದ ವಾರ ಇದೆಲ್ಲ ಎಲ್ಲಿತ್ತು ಎಂದು ಕೇಳಿದಳು. ಹಾಜ್ ಕಂಬಿಯ ಬಳಿಯ ಹೆಂಗಸರ ಕಡೆ ನೋಡಿ, ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.

"ಇಲ್ಲೇ ಇರುತ್ತೆ ಮೇಡಂ. ತೋರಿಸ್ತಿರೋದು ಮಾತ್ರ ಇವತ್ತೇ," ಎಂದಳು ಅವಾತಿಫ್.

ದಸೂಕಿ ನಾಹೆದ್‌ಳನ್ನು ಫೋರ್ಕ್‌ಲಿಫ್ಟಿಗೆ ಸಿಕ್ಕಿಸಿದ ಕಂಬಿಯ ಪಂಜರದಲ್ಲಿ ನಿಲ್ಲಿಸಿ ನಿಧಾನವಾಗಿ ಮೇಲೆತ್ತಿದ. ಅಳತೆಪಟ್ಟಿಯ ತುದಿಯನ್ನು ಅವಾತಿಫ್ ಚಪ್ಪಲಿಯಿಂದ ನೆಲಕ್ಕೆ ಒತ್ತಿ ಹಿಡಿದಿದ್ದಳು. ಹಳದಿ ಪಟ್ಟಿ ಎದೆಯೆತ್ತರ ದಾಟಿತು, ಅಟ್ಟ ದಾಟಿತು. ಸೂರಿನ ಬಳಿ ನಾಹೆದ್ ಕೊನೆಯ ದಿಮ್ಮಿಗೂ ಕಬ್ಬಿಣದ ತೊಲೆಗೂ ನಡುವೆ ಕೈ ತೂರಿಸಲು ನೋಡಿದಳು. ಬೆರಳುಗಳು ಹೋದವು, ಅಂಗೈ ಹೋಗಲಿಲ್ಲ. ಅವಳು ಪುಸ್ತಕ ತೆರೆದು ಆ ಎತ್ತರ ಬರೆದುಕೊಳ್ಳತೊಡಗಿದಳು. ಬರೆದು ಮುಗಿಯುವ ತನಕ ಕೆಳಗೆ ಅವಾತಿಫ್ ಪಟ್ಟಿಯ ಮೇಲಿಂದ ಚಪ್ಪಲಿ ಎತ್ತಲಿಲ್ಲ.