ಆಚೆ ದಡದ ಅಪ್ಪ

ಅಪ್ಪನಿಗೆ ಮರೆವಿನ ಕಾಯಿಲೆ ಹಿಡಿದ ಮೇಲೆ ನಾನು ಅವರನ್ನು ಬಿಟ್ಟು ಎಲ್ಲಿಗೂ ಹೋದವಳಲ್ಲ. ನನ್ನ ಹೊಲಿಗೆ ಅಂಗಡಿಯಲ್ಲೇ ಎದುರಿಗೆ ಕೂರಿಸಿಕೊಂಡು, ಗುಂಡಿಗಳ ಡಬ್ಬಿ ಕೊಟ್ಟು ಬಣ್ಣ ಬೇರ್ಪಡಿಸಲು ಹೇಳುತ್ತೇನೆ. ಉಂಡದ್ದು ಮರೆಯುತ್ತಾರೆ, ನನ್ನ ಹೆಸರು ಮರೆಯುತ್ತಾರೆ; ಬಾಗಿಲ ಚಿಲಕ ತೆಗೆಯುವುದನ್ನು ಮಾತ್ರ ಮರೆತಿಲ್ಲ.

ಈ ಬೇಸಿಗೆಯಲ್ಲಿ ತಮ್ಮ ಬಂದ. "ಅಕ್ಕಾ, ಭಾವನ ಜೊತೆ ಎರಡು ದಿನ ದ್ವೀಪಕ್ಕೆ ಹೋಗಿ ಬಾ. ನಾನು ನೋಡ್ಕೋತೀನಿ. ನನಗೂ ಅವರು ಅಪ್ಪ ತಾನೇ?" ಎಂದ. ಮಾತಿನಲ್ಲೇ ಮನೆ ಕಟ್ಟುವ ಜಾತಿ ಅವನದು. ಆದರೂ ನಂಬಿದೆ.

ದ್ವೀಪ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಿಳಿ ಮರಳು, ತಳ ಕಾಣುವ ನೀರು, ಸುಣ್ಣ ಬಳಿದ ಪುಟ್ಟ ಕೋಣೆ. ಮೊದಲ ದಿನ ಸತ್ತವಳ ಹಾಗೆ ನಿದ್ದೆ ಹೋದೆ. ಗಂಡ ನನ್ನ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದ್ದೇನೆಯೇ ಎಂದು ನೋಡಿದರಂತೆ.

ಮರುದಿನ ಬೆಳಿಗ್ಗೆ ಗುಡ್ಡದ ಅಂಚಿನ ಕಟ್ಟೆಗೆ ಹೋದೆವು. ಅಲ್ಲಿ ಪ್ರವಾಸಿಗರಿಗೆಂದು ಕಂಬಕ್ಕೆ ಬಿಗಿದ ದೊಡ್ಡ ದುರ್ಬೀನು. ಕಣ್ಣಿಟ್ಟರೆ ಆಚೆ ದಡದ ನಮ್ಮೂರು ಅಂಗೈ ಮೇಲಿದ್ದಂತೆ ಕಾಣುತ್ತದೆ. ನನ್ನ ಅಂಗಡಿಯ ಹಲಗೆ ಹುಡುಕುತ್ತಾ ದುರ್ಬೀನನ್ನು ಹಡಗುಕಟ್ಟೆಯವರೆಗೆ ತಿರುಗಿಸಿದೆ. ಅಲ್ಲಿ ಒಬ್ಬ ಮುದುಕ, ಕುತ್ತಿಗೆಗೆ ಬಿಳಿ ಬಟ್ಟೆ, ಒಂದು ಕೆನ್ನೆಗೆ ಸೋಪಿನ ನೊರೆ.

ಅಪ್ಪ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ತೆಗೆಯುವಷ್ಟರಲ್ಲಿ ಎದ್ದು ಬಂದಿದ್ದಾರೆ. ತಮ್ಮನಿಗೆ ಫೋನ್ ಮಾಡಿದೆ.

"ಎಲ್ಲಾ ಆರಾಮ್ ಅಕ್ಕಾ. ಅಪ್ಪ ಈಗಷ್ಟೇ ಮಲಗಿದ್ರು," ಎಂದ. ಏದುಸಿರು ಕೇಳುತ್ತಿತ್ತು.

"ಮಲಗಿಲ್ಲ ಕಣೋ! ಹಡಗುಕಟ್ಟೆ ಮೇಲೆ ನಿಂತಿದಾರೆ, ನನ್ನ ಕಣ್ಣೆದುರಿಗೇ ಇದಾರೆ!"

"ನಾನು ಮಾರ್ಕೆಟ್ ಕಡೆ ಹುಡುಕ್ತಿದೀನಿ. ನಿನ್ನ ರಜೆ ಹಾಳಾಗೋದು ಬೇಡ ಅಂತ..."

"ರಜೆಗಿಷ್ಟು ಬೆಂಕಿ ಹಾಕ! ಓಡು!"

ಗಂಡ ಹಡಗುಕಟ್ಟೆಯ ಕಚೇರಿಗೆ ಫೋನ್ ಹಚ್ಚಿದರು. ಗಂಟೆ ಹೊಡೆಯುತ್ತಲೇ ಇತ್ತು, ಎತ್ತುವವರಿಲ್ಲ. ನಮ್ಮನ್ನು ವಾಪಸು ಒಯ್ಯುವ ದೋಣಿ ಸಂಜೆಗೇ. ನನ್ನ ಹಿಂದೆ ಸಾಲು ಬೆಳೆದಿತ್ತು. "ಎಷ್ಟು ಹೊತ್ತು ನೋಡ್ತೀರಮ್ಮಾ? ನಾವೂ ನೋಡ್ಬೇಕು," ಎಂದರು ಯಾರೋ. ನಾನು ದುರ್ಬೀನನ್ನು ತಬ್ಬಿಕೊಂಡು ನಿಂತೆ.

ದೂರದ ಊರಿಗೆ ಹೋಗುವ ದೊಡ್ಡ ಹಡಗು ಹೊರಡುವುದರಲ್ಲಿತ್ತು. ದೊಡ್ಡ ಸಂಸಾರವೊಂದು ಗಂಟುಮೂಟೆ ಹೊತ್ತು ಹತ್ತುತ್ತಿತ್ತು. ಅಪ್ಪ ಅವರ ಹಿಂದೆಯೇ ನಡೆದರು. ಟಿಕೆಟ್ ನೋಡುವವನು ಅವರ ಕಡೆಯವರೇ ಎಂದುಕೊಂಡಿರಬೇಕು. ಒಬ್ಬ ಹೆಂಗಸು ವಯಸ್ಸಾದವರೆಂದು ಮೊಣಕೈ ಹಿಡಿದು ಹತ್ತಿಸಿದಳು. ಒಳ್ಳೆಯ ಹೆಂಗಸೇ ಇರಬೇಕು. ನಾನು ಅವಳಿಗೆ ಹಿಡಿಶಾಪ ಹಾಕಿದೆ. ಹತ್ತುವ ಹಲಗೆ ಒಳಗೆಳೆದುಕೊಂಡರು. ಹಡಗು ದಡ ಬಿಟ್ಟ ಮೇಲೆ ತಮ್ಮ ಓಡಿ ಬಂದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

"ಆ ಹಡಗು ನಾಳೆ ಬೆಳಿಗ್ಗೆ ತಲುಪತ್ತೆ," ಎಂದರು ಗಂಡ. "ಅಲ್ಲಿಯವರೆಗೆ ಯಾರಾದರೂ ಗಮನಿಸ್ತಾರೆ ಬಿಡು." ಅವರ ಧ್ವನಿಯಲ್ಲಿ ಅವರಿಗೇ ನಂಬಿಕೆ ಇರಲಿಲ್ಲ. ರಾತ್ರಿ ಎದ್ದರೆ ಅಪ್ಪನಿಗೆ ದಿಕ್ಕು ತಿಳಿಯುವುದಿಲ್ಲ. ಸುತ್ತ ನೀರು.

ಹಡಗು ಗುಡ್ಡದ ಕೆಳಗೇ ಬಂತು. ದುರ್ಬೀನು ಬೇಕಿರಲಿಲ್ಲ, ಕಟಕಟೆ ಹಿಡಿದು ನಿಂತ ಅಪ್ಪ ಬರಿಗಣ್ಣಿಗೇ ಕಂಡರು. ನಾನು ಎರಡೂ ಕೈ ಎತ್ತಿ, "ನಿಲ್ಲಿಸಿ! ನಮ್ಮಪ್ಪ! ನಿಲ್ಲಿಸಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಗಾಳಿ ಎಲ್ಲವನ್ನೂ ಹೊತ್ತೊಯ್ದಿತು. ಹಡಗಿನವರು ನಕ್ಕು ನನಗೆ ಕೈಬೀಸಿದರು. ಕಟ್ಟೆಯ ಮೇಲಿದ್ದವರೂ ಮಕ್ಕಳನ್ನು ಹೆಗಲೇರಿಸಿಕೊಂಡು ತಿರುಗಿ ಕೈಬೀಸಿದರು. ನಾನು ಹೆಚ್ಚು ಬೀಸಿದಷ್ಟೂ ಅವರೂ ಹೆಚ್ಚು ಬೀಸಿದರು.

ಅಪ್ಪನೂ ಕೈ ಎತ್ತಿದರು. ಯಾರು ಎಂದು ತಿಳಿಯದೆಯೇ, ಬಾಯ್ತುಂಬ ನಗುತ್ತಾ, ಹಡಗು ಸಣ್ಣದಾಗುವವರೆಗೂ ನನಗೆ ಕೈಬೀಸುತ್ತಲೇ ಇದ್ದರು.