ಕೇಳಬಾರದ ಪ್ರಶ್ನೆ

ಯೂಫ್ರೆಟಿಸ್ ಹೊಳೆಯಲ್ಲಿ ದೋಣಿ ಮಗುಚಿತೆಂದು ಸುದ್ದಿ ಬಂತು, ಬೇಬೈಯ ಹೆಣ ಮಾತ್ರ ಬರಲಿಲ್ಲ. ಹೆಣ ಸಿಗದ ಮೇಲೆ ಪುಂಬೆದಿತ ಊರಿನ ಯೆಹೂದಿ ಪಂಡಿತರ ಲೆಕ್ಕದಲ್ಲಿ ಅವನ ಹೆಂಡತಿ ಕೋಮಿಷ್ ಅತ್ತ ವಿಧವೆಯೂ ಅಲ್ಲ, ಇತ್ತ ಗಂಡನುಳ್ಳವಳೂ ಅಲ್ಲ. ಸಾಯುವ ತನಕ ಮರುಮದುವೆ ಇಲ್ಲ. ಮಕ್ಕಳಿಲ್ಲದ ಎಳೆಯ ಹೆಣ್ಣಿಗೆ ಎಂಥ ಬಾಳಪ್ಪಾ ಇದು!

ಉಳಿದದ್ದು ಒಂದೇ ದಾರಿ. ಕಂಡವನೊಬ್ಬ, ವಿಗ್ರಹ ಪೂಜಿಸುವ ಅನ್ಯಧರ್ಮದವನಾದರೂ ಸರಿಯೇ, ಯಾರೂ ಕೇಳದೆ, ಮಾತಿನ ಭರದಲ್ಲಿ ತಾನಾಗಿಯೇ "ಅವನು ಸತ್ತ" ಎಂದುಬಿಟ್ಟರೆ ಧರ್ಮಸಭೆ ನಂಬುತ್ತಿತ್ತು. ಕೇಳಿದ ಮೇಲೆ ಹೇಳಿದರೆ ನಂಬುತ್ತಿರಲಿಲ್ಲ. ಕೇಳಿದವರ ಮುಖ ನೋಡಿಕೊಂಡು ಜನ ಮಾತಾಡುತ್ತಾರೆ ಎಂದು ಗಂಟಲು ಹರಿದುಕೊಂಡು ವಾದಿಸಿ ಸಭೆಯಲ್ಲಿ ಗೆದ್ದವನು ಅವಳ ಸ್ವಂತ ಅಣ್ಣ ಯೇಮಾರನೇ.

ಆ ಯೇಮಾರ್ ಈಗ ತಂಗಿಯ ಮನೆಯಲ್ಲಿ ಜೊಂಡಿನ ತಡಿಕೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದ. ಈಚೆ, ಆ ದೋಣಿಯಿಂದ ಬದುಕಿ ಉಳಿದ, ವಿಗ್ರಹ ಪೂಜಿಸುವ ಅರಾಮಿ ಕುಲದ ಅಂಬಿಗ ಅಬ್ದಾ ಖರ್ಜೂರದ ಹೆಂಡ ಹೀರುತ್ತಿದ್ದ. "ಬಾಯಿಗೆ ಬೀಗ ಹಾಕ್ಕೊಂಡಿರು ತಂಗೀ. ಅವನೇ ಹೇಳ್ಲಿ," ಎಂದು ಅಣ್ಣ ಮೊದಲೇ ಎಚ್ಚರಿಸಿದ್ದ.

ಕೋಮಿಷ್ ಸುರಿದಳು, ಮತ್ತೆ ಸುರಿದಳು. ಹೊಳೆಯ ಮಾತೆತ್ತಿದಳು. ಅಬ್ದಾ ಮೊಣಕಾಲು ನೋವಿನ ಕಥೆ ಶುರುಮಾಡಿದ. ದೋಣಿಯ ಮಾತೆತ್ತಿದಳು. "ನಿನ್ನ ಹೆಂಡ ನನ್ನ ಅತ್ತೆ ಬಾಯಿಗಿಂತ ಖಾರ ಕಣಮ್ಮಾ," ಎಂದು ನಕ್ಕ. ಹಾಳಾದವನು ಊರೆಲ್ಲ ಸುತ್ತಿದ, ಅಲ್ಲಿಗೆ ಮಾತ್ರ ಬರಲಿಲ್ಲ. ಕೊನೆಗೆ ಬಟ್ಟಲು ಕವುಚಿಟ್ಟು ಎದ್ದು ನಿಂತ.

ಅವಳ ಎದೆ ಒಡೆದುಹೋಯಿತು.

"ಅಬ್ದಣ್ಣಾ, ನನ್ನ ಗಂಡ ಏನಾದ?"

ತಡಿಕೆಯ ಹಿಂದೆ ನರಳಿದ ಸದ್ದಾಯಿತು.

ಅಬ್ದಾ ಬೆಪ್ಪಾಗಿ ನಿಂತ. "ಅಯ್ಯೋ, ನಿಂಗೆ ಗೊತ್ತಿಲ್ವಾ ತಾಯೀ? ಹೇಳಿ ಕಳಿಸಿದ್ನಲ್ಲ! ಗಾಯ ಕೆದಕೋದ್ಯಾಕೆ ಅಂತ ಸುಮ್ನಿದ್ದೆ. ಕೆಳಗಡೆ ದಡಕ್ಕೆ ಬಂದಿದ್ದ. ಮುಖ ತೊಳೆದು, ಈ ಕೈಯಾರೆ ಮಣ್ಣು ಮಾಡ್ದೆ."

ಅವನು ಕಣ್ಣೊರೆಸಿಕೊಂಡು ಹೊರಟುಹೋದ ಮೇಲೆ ಯೇಮಾರ್ ಹೊರಬಂದ.

"ಇನ್ನೊಂದು ಗಳಿಗೆ ತಡ್ಕೊಳ್ಳೋಕಾಗ್ಲಿಲ್ವೇನೇ? ನಿನ್ನ ಬಾಳನ್ನ ನೀನೇ ಮುಗಿಸಿಬಿಟ್ಯಲ್ಲೇ!"

"ಅವನ ಹೆಂಡತಿ ಕಣಣ್ಣ ನಾನು. ಕೇಳದೆ ಹೇಗಿರ್ಲಿ?"

"ನಾಳೆ ಸಭೇಲಿ ನನ್ನ ವಾದ ನಾನೇ ಮುರೀತೀನಿ."

"ತಂಗಿಗೋಸ್ಕರ ಮುರ್ದ ಅಂತಾರೆ. ಯಾರು ನಂಬ್ತಾರೆ ನಿನ್ನ?"

ಕೋಮಿಷ್ ಕತ್ತಿನ ಬಳಿ ಬಟ್ಟೆ ಹಿಡಿದು ಪರ್ರನೆ ಹರಿದಳು, ತಮ್ಮವರು ಸತ್ತಾಗ ಕೂರುವಂತೆ ಬರೀ ನೆಲದಲ್ಲಿ ಕೂತಳು. ಧರ್ಮದ ಪ್ರಕಾರ ಬೇಬೈ ಇನ್ನೂ ಬದುಕಿದ್ದ. ಬದುಕಿದ್ದವನಿಗಾಗಿ ಶೋಕಕ್ಕೆ ಕೂರುವಂತಿಲ್ಲ ಎಂದು ಹೇಳಲು ಯೇಮಾರ್ ಬಾಯಿ ತೆರೆದ. ಹೇಳಲಾಗದೆ, ಶೋಕದಲ್ಲಿರುವವರಂತೆ ಪಾದರಕ್ಷೆ ಕಳಚಿ, ತಂಗಿಯ ಪಕ್ಕದಲ್ಲಿ ತಾನೂ ನೆಲಕ್ಕೆ ಕೂತ.