ತ್ರಾನ್ಸಿತೊಳ ರಜೆ

ಕಯಾಂಬೆ ಹಿಮಬೆಟ್ಟದ ಮಂಜು ಗುಲಾಬಿ ತೋಟದ ಪಾಲಿಹೌಸುಗಳ ಮೇಲೆ ಮಲಗಿತೆಂದರೆ ಬಿಸಿಲೇರಿದರೂ ಏಳುವುದಿಲ್ಲ. ಅಂಥ ಬೆಳಗಿನಲ್ಲಿ ಜೊಯಿಲಾಳ ಕಂಪ್ಯೂಟರಿನ ಪರದೆಯೂ ಇನ್ನೊಂದು ತೋಟದಂತೆ ಕಾಣುತ್ತಿತ್ತು. ಒಬ್ಬೊಬ್ಬ ಕೆಲಸದವಳಿಗೂ ಒಂದೊಂದು ಹಸಿರು ಪಟ್ಟಿ, ಹೂವಿನ ಮಡಿಗಳ ಹಾಗೆ ಉದ್ದಕ್ಕೆ. ಯಾವ ವಾರ ಎಷ್ಟು ಹೂವು ಬಂದೀತು, ಕೊಯ್ಯಲು ಎಷ್ಟು ಕೈ ಬೇಕಾದೀತು ಎಂದು ತಂತ್ರಾಂಶದಲ್ಲಿ ಹೊಂದಿಸುವುದು ಅವಳ ಕೆಲಸ. ಕೈ ಸಾಲದ ವಾರ ತಾನಾಗಿ ಕೆಂಪಾಗುತ್ತಿತ್ತು.

ಫೆಬ್ರವರಿಯಲ್ಲಿ ಪ್ರೇಮಿಗಳ ದಿನಕ್ಕೆಂದು ಹೂವು ಉಕ್ಕಿ ಬರುವ ವಾರಗಳೂ ಈಗ ಹಸಿರಾಗಿಯೇ ಇದ್ದವು. ಅದು ಸುಳ್ಳೆಂದು ಜೊಯಿಲಾಳಿಗೆ ಗೊತ್ತು. ಪಟ್ಟಿಗಳಲ್ಲೊಂದು ತ್ರಾನ್ಸಿತೊಳದು. ಅವಳು ಜುಲೈ ತಿಂಗಳ ಚಳಿಗಾಳಿಯಲ್ಲಿ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಸಂಬಳದ ಲೆಕ್ಕದಿಂದ ಹೆಸರು ಆಗಲೇ ಹೋಗಿತ್ತು. ಜೊತೆಯಲ್ಲಿ ಹೂ ಕೊಯ್ಯುತ್ತ ಬೆಳೆದ ಗೆಳತಿಯನ್ನು ಜೊಯಿಲಾ ಮಾತ್ರ ಪರದೆಯಿಂದ ಅಳಿಸಲಾರದೆ ಹೋಗಿದ್ದಳು. ತಂತ್ರಾಂಶ ದಿನವೂ ಸತ್ತವಳಿಗೆ ಮಡಿ ಹಂಚುತ್ತಿತ್ತು. ಹೆಂಗಸರು ಮಾತಿಲ್ಲದೆ ಮೊದಲು ಅವಳ ಮಡಿ ಮುಗಿಸಿ ಆಮೇಲೆ ತಮ್ಮದಕ್ಕೆ ಇಳಿಯುತ್ತಿದ್ದರು. ಅವರ ನಡು ಸೋತಿತ್ತು. ಪರದೆ ಹಸಿರಾಗಿರುವ ತನಕ ಹೊಸಬರ ಮಾತೇ ಬೇಡವೆಂದು ತೋಟ ನೋಡಿಕೊಳ್ಳುವ ಇಂಜಿನಿಯರ್ ರಾಮಿರೊ ಹೇಳಿಬಿಟ್ಟಿದ್ದ. ನವೆಂಬರಿನಲ್ಲಿ ಸತ್ತವರ ಹಬ್ಬ ಕಳೆದ ಮರುದಿನ ಫೆಬ್ರವರಿಯ ಯೋಜನೆ ಅವನ ಕೈ ಸೇರಬೇಕಿತ್ತು.

ಹಬ್ಬದ ದಿನ ಹೆಂಗಸರೆಲ್ಲ ಬೆಚ್ಚಗಿನ ನೇರಳೆ ಬಣ್ಣದ ಗಂಜಿ, ಗೊಂಬೆಯಾಕಾರದ ಬ್ರೆಡ್ಡು ಹೊತ್ತು ಸ್ಮಶಾನಕ್ಕೆ ಹೋದರು. ತ್ರಾನ್ಸಿತೊಳ ಸಮಾಧಿಯ ಮೇಲೆ ಬಟ್ಟೆ ಹಾಸಿ, ಮೊದಲ ಲೋಟ ಅವಳಿಗಿಟ್ಟರು.

"ಏನೇ ಸೋಮಾರಿ," ಎಂದಳು ಎರ್ಮೆಲಿಂದಾ ಸಮಾಧಿಯ ಕಡೆ ತಿರುಗಿ. "ನಿನ್ನ ಮಡಿ ಕೊಯ್ದೂ ಕೊಯ್ದೂ ನನ್ನ ಸೊಂಟ ಬಿದ್ದೋಯ್ತು. ನೀನಿಲ್ಲಿ ಕಾಲು ಚಾಚ್ಕೊಂಡು ಮಲಗಿದೀಯಾ!"

ಎಲ್ಲರೂ ನಕ್ಕರು. ಜೊಯಿಲಾ ತಲೆ ತಗ್ಗಿಸಿದಳು. "ಹೆಸರು ಅಳಿಸೋಕೆ ಕೈ ಬರಲ್ಲ ಕಣೇ."

"ಅಳಿಸು ಅಂತ ಯಾರೇ ಅಂದೋರು? ಪಾಪ, ಸತ್ತ ಮೇಲೂ ದುಡಿಸ್ತಿದೀಯಲ್ಲೇ ಮಾರಾಯ್ತಿ. ಒಂದು ರಜೆನಾದ್ರೂ ಕೊಡು ಅವಳಿಗೆ."

ಜೊಯಿಲಾಳಿಗೂ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು. ಶಿಲುಬೆಗಳ ನಡುವೆ ಮಂಜು ಮೆಲ್ಲಗೆ ನುಸುಳಿತು. ಅದರೊಳಗೆ ಯಾರೋ ಬುಟ್ಟಿ ಇಳಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತಂತಾಯಿತು.

ಮರುದಿನ ಬೆಳಿಗ್ಗೆ ಅವಳು ತ್ರಾನ್ಸಿತೊಳ ಹೆಸರಿನ ಮುಂದೆ ರಜೆ ಎಂದು ಒತ್ತಿದಳು. ಎಲ್ಲಿಯವರೆಗೆ ಎಂದು ತಂತ್ರಾಂಶ ಕೇಳಿತು. ಅವಳು ಮುಂದಿನ ವರ್ಷದ ಸತ್ತವರ ಹಬ್ಬದ ತಾರೀಖು ಬರೆದಳು. ಹಸಿರು ಪಟ್ಟಿ ಮಂಜಿನಂತೆ ಬೆಳ್ಳಗಾಯಿತು. ಫೆಬ್ರವರಿ ಮಾತ್ರ ಒಂದೊಂದೇ ಮೊಗ್ಗು ಬಿರಿದ ಹಾಗೆ ವಾರ ವಾರವೂ ಕೆಂಪಾಗುತ್ತ ಬಂತು.

ರಾಮಿರೊ ಬಂದು ಹುಬ್ಬೇರಿಸಿದ. "ಇಷ್ಟುದ್ದ ರಜೆ ಯಾರಿಗಮ್ಮಾ?"

ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. ಅವನು ಬಗ್ಗಿ ಹೆಸರು ಓದಿದ. ಆಮೇಲೆ ಕೆಂಪು ವಾರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ.

"ಹೊಸಬಳೊಬ್ಬಳನ್ನ ಹುಡುಕಿ," ಎಂದ ಕೊನೆಗೆ. "ಈ ವಾರಾನೇ ಬರ್ಲಿ."